ವಿಷಯವಾರು ಜಾಗತಿಕ ರ‍್ಯಾಂಕಿಂಗ್‌: ವಿ.ವಿ.ಗಳು ಎಲ್ಲಿಂದ ಶುರು ಮಾಡಬೇಕು?

ಒಟ್ಟಾರೆ ರ‍್ಯಾಂಕಿಂಗ್‌ನಲ್ಲಿ ಹಿಂದಿರುವ ವಿಶ್ವವಿದ್ಯಾಲಯದ ಒಂದೆರಡು ವಿಭಾಗಗಳು ವಿಷಯವಾರು ಪಟ್ಟಿಯಲ್ಲಿ ಮುಂದಿರಬಹುದು. ಹಾಗಿರುವಾಗ ಎಲ್ಲ ವಿಭಾಗಗಳಿಗೂ ‘ಹೆಚ್ಚು ಪ್ರಬಂಧ ಪ್ರಕಟಿಸಿ’ ಎಂಬ ಒಂದೇ ಸುತ್ತೋಲೆ ಹೊರಡಿಸಿ ಪ್ರಯೋಜನವಿಲ್ಲ. ಈಗಾಗಲೇ ಆಗಿರುವ ಕೆಲಸ ಪೂರ್ತಿಯಾಗಿ ಲೆಕ್ಕಕ್ಕೆ ಬಂದಿದೆಯೇ ಎಂಬುದನ್ನು ಮೊದಲು ನೋಡಬೇಕು.

1. ಅಳತೆಗೋಲು ತಿಳಿಯಿರಿ

ಬ್ರಿಟನ್‌ನ ರ‍್ಯಾಂಕಿಂಗ್‌ ಸಂಸ್ಥೆ ಕ್ಯೂಎಸ್‌ ವಿದ್ವಾಂಸರ ಹಾಗೂ ಉದ್ಯೋಗದಾತರ ಸಮೀಕ್ಷೆ, ಪ್ರತಿ ಪ್ರಬಂಧಕ್ಕೆ ಬಂದ ಸೈಟೇಷನ್‌ (ಬೇರೆ ಪ್ರಬಂಧಗಳಲ್ಲಿ ಆದ ಉಲ್ಲೇಖ), ಎಚ್‌-ಇಂಡೆಕ್ಸ್‌ (ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಇದು 20) ಇವುಗಳನ್ನು ನೋಡುತ್ತದೆ. ಇವುಗಳ ತೂಕ ವಿಷಯದಿಂದ ವಿಷಯಕ್ಕೆ ಬೇರೆ. ಕಲೆ ಮತ್ತು ವಿನ್ಯಾಸದಲ್ಲಿ ಸಮೀಕ್ಷೆಯೇ ನಿರ್ಣಾಯಕ. ವೈದ್ಯಕೀಯದಲ್ಲಿ ಸೈಟೇಷನ್‌ ಸಂಬಂಧಿ ಅಂಕಗಳಿಗೆ ದೊಡ್ಡ ಪಾಲು. ಚೀನಾದ ಶಾಂಘೈ ರ‍್ಯಾಂಕಿಂಗ್‌ ಪಟ್ಟಿಗೆ ಉನ್ನತ ಜರ್ನಲ್‌ಗಳ ಪ್ರಬಂಧ, ಪ್ರಶಸ್ತಿ, ಅಂತರರಾಷ್ಟ್ರೀಯ ಸಹಯೋಗ ಮುಖ್ಯ. ಬ್ರಿಟನ್‌ನ ಟೈಮ್ಸ್‌ ಹೈಯರ್‌ ಎಜುಕೇಷನ್‌ ಪತ್ರಿಕೆಯ ಪಟ್ಟಿಗೆ ಸೇರಬೇಕಾದರೆ ಆ ವಿಷಯದಲ್ಲಿ ಕನಿಷ್ಠ ಸಂಖ್ಯೆಯ ಪ್ರಬಂಧಗಳೂ ಬೋಧಕರೂ ಇರಬೇಕು. ಹಾಗಾಗಿ ಆ ಮಿತಿಯನ್ನು ದಾಟಿರುವ, ಅಥವಾ ಅದರ ಹತ್ತಿರವಿರುವ ಎರಡು-ಮೂರು ವಿಷಯಗಳನ್ನಷ್ಟೇ ಆರಿಸಿಕೊಳ್ಳಿ.

2. ವಿಳಾಸ ಸರಿಪಡಿಸಿ

ಬಹುತೇಕ ಕಡೆ ಅಂಕ ಸೋರುವುದು ಇಲ್ಲೇ. ಪ್ರಬಂಧದಲ್ಲಿ ತಮ್ಮ ಸಂಸ್ಥೆಯ ವಿಳಾಸ ಕೊಡುವಾಗ ಒಬ್ಬರು ವಿ.ವಿ.ಯ ಪೂರ್ತಿ ಹೆಸರು ಬರೆಯುತ್ತಾರೆ, ಇನ್ನೊಬ್ಬರು ಸಂಕ್ಷಿಪ್ತ ರೂಪ. ಮತ್ತೊಬ್ಬರು ಸಂಶೋಧನಾ ಕೇಂದ್ರದ ಹೆಸರು ಮಾತ್ರ ಬರೆದು ವಿ.ವಿ.ಯನ್ನು ಬಿಟ್ಟೇಬಿಡುತ್ತಾರೆ. ಪ್ರಬಂಧಗಳ ಡೇಟಾಬೇಸ್‌ನಲ್ಲಿ ಇವು ಬೇರೆ ಬೇರೆ ಸಂಸ್ಥೆಗಳಾಗಿ ಕುಳಿತುಬಿಡುತ್ತವೆ.

ಹೆಸರಿನ ಎಲ್ಲ ರೂಪಗಳನ್ನೂ ಸ್ಕೋಪಸ್‌ ಮತ್ತು ವೆಬ್‌ ಆಫ್‌ ಸೈನ್ಸ್‌ ಎಂಬ ಡೇಟಾಬೇಸ್‌ಗಳಲ್ಲಿ ಹುಡುಕಿ, ಕಳೆದ ಐದು ವರ್ಷಗಳ ಪಟ್ಟಿ ತೆಗೆಯಿರಿ. ಗ್ರಂಥಾಲಯದ ದಾಖಲೆಯೊಂದಿಗೆ ಅದನ್ನು ತಾಳೆ ನೋಡಿ, ತಪ್ಪಿಹೋದ ಪ್ರಬಂಧಗಳಿಗೆ ತಿದ್ದುಪಡಿ ಕೋರಿಕೆ ಸಲ್ಲಿಸಿ. ಉತ್ತರ ಬರಲು ಸಮಯ ಹಿಡಿಯುತ್ತದೆ, ರ‍್ಯಾಂಕಿಂಗ್‌ ಪ್ರಕಟವಾಗುವುದಕ್ಕೆ ತಿಂಗಳುಗಳ ಮೊದಲೇ ದತ್ತಾಂಶ ಸಂಗ್ರಹ ಮುಗಿದಿರುತ್ತದೆ. ಕೊನೆ ಗಳಿಗೆಯಲ್ಲಿ ಹೊರಟರೆ ಆ ವರ್ಷ ಕೈತಪ್ಪಿದಂತೆಯೇ. ಮುಂದಿನ ಪ್ರಬಂಧಗಳಿಗಾಗಿ ವಿಭಾಗ, ವಿ.ವಿ., ಊರು, ದೇಶ ಎಂಬ ಒಂದೇ ಮಾದರಿ ವಿಳಾಸ ಗೊತ್ತುಮಾಡಿ. ಪ್ರತಿ ಅಧ್ಯಾಪಕರಿಗೂ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್‌ (ORCID) ಸಂಖ್ಯೆ ಕಡ್ಡಾಯವಾಗಲಿ.

3. ಪ್ರಬಂಧ ಯಾವ ವಿಷಯಕ್ಕೆ ಸೇರುತ್ತಿದೆ?

ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಜರ್ನಲ್‌ನ ವರ್ಗೀಕರಣ, ವಿಭಾಗದ ಹೆಸರಲ್ಲ. ಕಂಪ್ಯೂಟರ್‌ ವಿಭಾಗದವರು ಸ್ಕ್ಯಾನ್‌ ಚಿತ್ರಗಳ ವಿಶ್ಲೇಷಣೆ ಕುರಿತು ವೈದ್ಯಕೀಯ ಜರ್ನಲ್‌ನಲ್ಲಿ ಬರೆದರೆ ಅದು ವೈದ್ಯಕೀಯದ ಖಾತೆಗೆ ಹೋಗಬಹುದು. ಅಧ್ಯಾಪಕರಿಗೆ ಇದು ಗೊತ್ತಿರಲಿ. ಆದರೆ ಓದುಗರು ಸಿಗುವ ಜರ್ನಲ್‌ ಬಿಟ್ಟು, ಅಂಕ ಸಿಗುವ ಜರ್ನಲ್‌ಗೇ ಕಳಿಸಿ ಎಂದು ಒತ್ತಾಯಿಸುವುದು ಸಂಶೋಧನೆಗೆ ಮಾಡುವ ಅನ್ಯಾಯ.

4. ಸಂಖ್ಯೆಯ ಬೆನ್ನು ಹತ್ತಬೇಡಿ

ಒಂದು ವಿಭಾಗದ 100 ಪ್ರಬಂಧಗಳಿಗೆ 900 ಸೈಟೇಷನ್‌ ಇದ್ದರೆ ಸರಾಸರಿ 9. ಯಾರೂ ಉಲ್ಲೇಖಿಸದ ಇನ್ನೂ 50 ಪ್ರಬಂಧ ಸೇರಿದರೆ ಸರಾಸರಿ 6ಕ್ಕೆ ಇಳಿಯುತ್ತದೆ. ಎಚ್‌-ಇಂಡೆಕ್ಸ್‌ ಇದ್ದಲ್ಲೇ ಇರುತ್ತದೆ. ಬಡ್ತಿಗಾಗಿ ತರಾತುರಿಯಲ್ಲಿ ಬರೆಸಿದ ಪ್ರಬಂಧಗಳು ಮಾಡುವ ಹಾನಿ ಇದು. ಅಂಥ ಪ್ರಬಂಧಗಳಿಗೆ ಸುರಿಯುವ ಹಣವನ್ನು ಪ್ರಯೋಗಾಲಯದ ಉಪಕರಣಕ್ಕೆ, ಅಂಕಿಅಂಶ ತಜ್ಞರ ನೆರವಿಗೆ, ಸಂಶೋಧನಾ ದತ್ತಾಂಶವನ್ನು ಮುಕ್ತವಾಗಿಡುವುದಕ್ಕೆ ಬಳಸಿ. ವಿದೇಶಿ ಸಹಯೋಗವೂ ಫೋಟೊ ತೆಗೆಸಿಕೊಳ್ಳುವ ಒಡಂಬಡಿಕೆಗೆ ಮುಗಿಯಬಾರದು. ಒಂದೇ ತಂಡದೊಂದಿಗೆ ವರ್ಷಗಟ್ಟಲೆ ಜಂಟಿ ಪ್ರಬಂಧಗಳು ಬರಬೇಕು.

5. ಹೆಸರು ಗಳಿಸುವ ದಾರಿ

ಕ್ಯೂಎಸ್‌ ಸಮೀಕ್ಷೆಯಲ್ಲಿ ವಿದ್ವಾಂಸರು ತಮ್ಮದೇ ಸಂಸ್ಥೆಯನ್ನು ಹೆಸರಿಸುವಂತಿಲ್ಲ. ಹೊರಗಿನವರಿಗೆ ನಿಮ್ಮ ವಿಭಾಗ ಗೊತ್ತಿರಬೇಕು ಎಂದಾಯಿತು. ಸಮ್ಮೇಳನ, ಸಂದರ್ಶಕ ಪ್ರಾಧ್ಯಾಪಕರು, ತಾಜಾ ಮಾಹಿತಿಯಿರುವ ಅಧ್ಯಾಪಕರ ಪುಟ ನೆರವಾಗುತ್ತವೆ. ವಿದ್ವಾಂಸರು ಮತ್ತು ಉದ್ಯೋಗದಾತರ ಸಂಪರ್ಕ ಪಟ್ಟಿಯನ್ನು ವಿ.ವಿ.ಯೇ ಸಲ್ಲಿಸಬಹುದು, ಅವರ ಒಪ್ಪಿಗೆ ಪಡೆದೇ ಕಳಿಸಿ. ‘ನಮಗೇ ಅಂಕ ಕೊಡಿ’ ಎಂದು ಕೇಳುವುದು ನಿಯಮಬಾಹಿರ. ಹಲವು ವರ್ಷಗಳ ಉತ್ತರಗಳನ್ನು ಸೇರಿಸಿ ಲೆಕ್ಕ ಹಾಕುವುದರಿಂದ ಇಲ್ಲಿ ಫಲ ನಿಧಾನ.

ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುವ ಸೈಟೇಷನ್‌ ಕೂಟ, ಬೇರೆಡೆ ಕೆಲಸ ಮಾಡುವ ಹೆಸರಾಂತ ವಿಜ್ಞಾನಿಗೆ ಹಣ ಕೊಟ್ಟು ಅವರ ಪ್ರಬಂಧದಲ್ಲಿ ನಿಮ್ಮ ವಿ.ವಿ.ಯನ್ನು ಎರಡನೇ ವಿಳಾಸವಾಗಿ ಹಾಕಿಸುವುದು ಬೇಡವೇ ಬೇಡ. ಪ್ರಬಂಧ ಹಿಂತೆಗೆತವಾದರೆ ಸಂಸ್ಥೆಯ ಹೆಸರೂ ಕೆಡುತ್ತದೆ.

ಫಲಿತಾಂಶ ಬಂದಾಗ ಸ್ಥಾನಕ್ಕಿಂತ ಮೊದಲು ಪ್ರತಿ ಸೂಚಕದ ಅಂಕ ನೋಡಿ. ಪಟ್ಟಿಯ ನಡುಭಾಗದಲ್ಲಿ ಅಂಕಗಳು ಒತ್ತೊತ್ತಾಗಿರುವುದರಿಂದ ಅಲ್ಪ ವ್ಯತ್ಯಾಸಕ್ಕೂ ಹತ್ತಾರು ಸ್ಥಾನ ಏರುಪೇರಾಗುತ್ತದೆ. ನಿಮ್ಮಷ್ಟೇ ಗಾತ್ರದ ಐದಾರು ವಿ.ವಿ.ಗಳ ಅಂಕಗಳನ್ನು ಪಕ್ಕದಲ್ಲಿಟ್ಟು, ಮೂರು ವರ್ಷಗಳ ಏರಿಳಿತ ಗುರುತಿಸಿ, ಆಮೇಲಷ್ಟೇ ಮುಂದಿನ ಅನುದಾನ ಹಂಚಿ.