ವಿಯೆಟ್ನಾಂ ಪ್ರವಾಸದ ಬಜೆಟ್: 70 ಸಾವಿರದಿಂದ 2 ಲಕ್ಷದವರೆಗೆ

ಬೆಂಗಳೂರಿನಿಂದ ವಿಯೆಟ್ನಾಂಗೆ ಹೋಗಿಬರಲು ಎಷ್ಟು ಹಣ ಬೇಕೆಂದು ವಿಚಾರಿಸಿದರೆ 70 ಸಾವಿರ ಎನ್ನುವವರೂ 2 ಲಕ್ಷ ಎನ್ನುವವರೂ ಸಿಗುತ್ತಾರೆ. ಇಬ್ಬರ ಮಾತೂ ನಿಜವೇ. ಹನೋಯಿ, ಹಾ ಲಾಂಗ್ ಕೊಲ್ಲಿ, ಹುವೆ, ಹೊಯ್ ಆನ್ ಸೇರಿದ 9 ದಿನಗಳ ಪ್ರವಾಸವನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಮೊತ್ತಗಳೆಲ್ಲ ತಲಾ ಒಬ್ಬರಿಗೆ, ಅಂದಾಜಿನವು.

ಯಾವ ದರ್ಜೆಯಲ್ಲಿ ಹೋದರೂ ಹೆಚ್ಚು ಬದಲಾಗದ ಖರ್ಚನ್ನು ಮೊದಲು ಬರೆದಿಡಬೇಕು. ಎರಡು ಮೂರು ತಿಂಗಳು ಮುಂಚಿತವಾಗಿ ಕಾದಿರಿಸಿದರೆ ವಿಮಾನದ ಹೋಗಿಬರುವ ಟಿಕೆಟ್‌ಗೆ 25ರಿಂದ 30 ಸಾವಿರ ರೂಪಾಯಿ, ಒಂದು ಬಾರಿಯ ಪ್ರವೇಶದ ಇ-ವೀಸಾಗೆ 25 ಡಾಲರ್, ಪ್ರವಾಸ ವಿಮೆಗೆ ಸುಮಾರು 1 ಸಾವಿರ, ಹನೋಯಿಯಿಂದ ಹೊಯ್ ಆನ್ ಬಳಿಯ ದಾ ನಾಂಗ್ ನಗರಕ್ಕೆ ಒಳನಾಡಿನ ವಿಮಾನಕ್ಕೆ 4 ಸಾವಿರದಷ್ಟು ಇಟ್ಟುಕೊಂಡರೆ ಒಟ್ಟು ಸುಮಾರು 35 ಸಾವಿರವಾಗುತ್ತದೆ. ಅಗ್ಗದ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ 7 ಕೆ.ಜಿ. ಕೈಚೀಲಕ್ಕೆ ಮಾತ್ರ ಅವಕಾಶವಿರುವುದರಿಂದ, ಲಗೇಜಿನ ಶುಲ್ಕ ಸೇರಿಸಿಯೇ ದರಗಳನ್ನು ಹೋಲಿಸಬೇಕು. ವೀಸಾ ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಶಃ ಇರಬೇಕು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ. ಅರ್ಜಿ ತಿರಸ್ಕೃತವಾದರೆ ಶುಲ್ಕ ಮರಳುವುದಿಲ್ಲ.

ದಿನಾಂಕದ ಆಯ್ಕೆಯೂ ಬಜೆಟ್ಟಿನ ಭಾಗವೇ. ದಸರಾ, ದೀಪಾವಳಿ ರಜೆ ಹೊಂದಿಸಿ ಹೊರಡುವ ಕುಟುಂಬಗಳಿಗೆ ಟಿಕೆಟ್ಟೂ ದುಬಾರಿ, ಹವಾಮಾನವೂ ಪ್ರತಿಕೂಲ: ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಮಧ್ಯ ವಿಯೆಟ್ನಾಂನಲ್ಲಿ ಭಾರಿ ಮಳೆಯಾಗಿ ಹೊಯ್ ಆನ್‌ನ ಹಳೆಯ ಬೀದಿಗಳಿಗೆ ನದಿಯ ನೀರು ನುಗ್ಗುವುದುಂಟು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅಲ್ಲಿನ ಹೊಸವರ್ಷವಾದ ‘ತೆತ್’ ಹಬ್ಬದ ವಾರದಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ರೈಲು ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಮಾರ್ಚ್, ಏಪ್ರಿಲ್ ಈ ದಾರಿಗೆ ಅನುಕೂಲಕರ.

ಇನ್ನು ದಿನದ ಖರ್ಚು. ಹಾಸ್ಟೆಲಿನ ಹಾಸಿಗೆ, ಬೀದಿಬದಿಯ ಊಟ, ಬಸ್ಸು ಮತ್ತು ಬೈಕ್ ಟ್ಯಾಕ್ಸಿ ಸಾಕೆನ್ನುವವರಿಗೆ ದಿನಕ್ಕೆ 2,500ರಿಂದ 3,000 ರೂಪಾಯಿ. ಇಬ್ಬರು ಹಂಚಿಕೊಳ್ಳುವ ಸ್ವಚ್ಛವಾದ ಮೂರು ತಾರೆಯ ಕೋಣೆ, ಹೋಟೆಲ್ ಊಟ, ಕಾರು ಬಯಸುವವರಿಗೆ 6,000. ಕಡಲತೀರದ ರೆಸಾರ್ಟ್, ಖಾಸಗಿ ವಾಹನ, ಗೈಡ್ ಬೇಕೆನ್ನುವವರಿಗೆ 13,000 ಅಥವಾ ಅದಕ್ಕೂ ಹೆಚ್ಚು. ಇದಕ್ಕೆ ಸ್ಥಿರ ಖರ್ಚು, ಹಾ ಲಾಂಗ್ ದೋಣಿಯ ಖರ್ಚು, ಶೇ 10ರಷ್ಟು ಆಪದ್ಧನ ಸೇರಿಸಿದರೆ ಮೊತ್ತ ಕ್ರಮವಾಗಿ 70 ಸಾವಿರ, 1.15 ಲಕ್ಷ ಮತ್ತು 2 ಲಕ್ಷದ ಆಸುಪಾಸಿಗೆ ಬರುತ್ತದೆ.

ಆದರೆ ಒಂದೇ ದರ್ಜೆಗೆ ಪೂರ್ತಿ ಅಂಟಿಕೊಳ್ಳುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ವಿಯೆಟ್ನಾಂನಲ್ಲಿ ಊಟ ಅಗ್ಗವೂ ಹೌದು, ರುಚಿಯೂ ಹೌದು: 60 ಸಾವಿರ ಡಾಂಗ್‌ಗೆ, ಅಂದರೆ ಸುಮಾರು 200 ರೂಪಾಯಿಗೆ, ಒಂದು ಬಟ್ಟಲು ತುಂಬ ಫೊ (ಅಕ್ಕಿ ನೂಡಲ್ಸ್ ಹಾಕಿದ ಸೂಪ್) ಸಿಗುತ್ತದೆ. ಸಸ್ಯಾಹಾರಿಗಳು ‘ಚಾಯ್’ (chay) ಎಂಬ ಫಲಕವಿರುವ ಊಟದ ಮನೆಗಳನ್ನು ಹುಡುಕಬೇಕು. ಉಳಿದೆಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ದಿನವೂ ಭಾರತೀಯ ಹೋಟೆಲೇ ಬೇಕೆಂದರೆ ಊಟದ ಬಾಬ್ತು ಎರಡು ಮೂರು ಪಟ್ಟಾಗುತ್ತದೆ. (ಕಾಫಿಗೆ ಮಾತ್ರ ಕೊಡಗು, ಚಿಕ್ಕಮಗಳೂರಿನವರು ಧಾರಾಳವಾಗಿಯೇ ಹಣ ತೆಗೆದಿಡಲಿ, ರೊಬಸ್ಟಾದ ಮಟ್ಟಿಗೆ ಪ್ರತಿಸ್ಪರ್ಧಿಯ ಮನೆಗೇ ಹೋಗುತ್ತಿದ್ದೀರಿ.) ಹುವೆಯಿಂದ ದಾ ನಾಂಗ್‌ಗೆ ಹಾಯ್ ವಾನ್ ಕಣಿವೆದಾರಿಯ ಬಳಿ ಸಮುದ್ರದ ಅಂಚಿನಲ್ಲೇ ಸಾಗುವ ರೈಲು, ಬಾಡಿಗೆ ಕಾರಿಗಿಂತ ಎಷ್ಟೋ ಅಗ್ಗ, ನೋಟಕ್ಕೂ ಅದೇ ಮೇಲು.

ಉಳಿಸಿದ ಆ ಹಣವನ್ನು ಹಾ ಲಾಂಗ್‌ನಲ್ಲಿ ಖರ್ಚು ಮಾಡಬಹುದು. ಹನೋಯಿಯಿಂದ ಒಂದೇ ದಿನದಲ್ಲಿ ಹೋಗಿಬರುವ 5 ಸಾವಿರ ರೂಪಾಯಿಯ ಟೂರಿನಲ್ಲಿ ಬಸ್ಸಿನಲ್ಲೇ ಸುಮಾರು ಐದು ಗಂಟೆ ಕಳೆದುಹೋಗುತ್ತದೆ. ರಾತ್ರಿ ತಂಗುವ ಹಡಗಿಗೆ 12 ಸಾವಿರದಿಂದ ಮೇಲೆ ಆದರೂ, ಒಂದು ರಾತ್ರಿಯ ಹೋಟೆಲ್ ಬಾಡಿಗೆ, ಊಟ ಅದರಲ್ಲೇ ಸೇರಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ಯಾಕೇಜ್ ಕೊಳ್ಳುವವರು ಜಿಎಸ್‌ಟಿ ಮತ್ತು ಟಿಸಿಎಸ್ (ಪ್ಯಾಕೇಜ್ ಮಾರುವವರೇ ಮುಂಚಿತವಾಗಿ ಸಂಗ್ರಹಿಸುವ ತೆರಿಗೆ) ಸೇರಿದ ಅಂತಿಮ ಮೊತ್ತವನ್ನೇ ಕೇಳಬೇಕು. ಟಿಸಿಎಸ್ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಅದು ನಿಮ್ಮ ಕೈಯಿಂದ ಹೋದ ಹಣವೇ.

ಮಡಿಕೆ, ಗೀಚು, ಹರಿದ ಅಂಚುಗಳಿಲ್ಲದ ಡಾಲರ್ ನೋಟುಗಳನ್ನು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ಡಾಂಗ್ ಮಾಡಿಸಿಕೊಳ್ಳುವುದು ವಾಡಿಕೆ. ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ 3.5ರವರೆಗೆ ಶುಲ್ಕ ಹಾಕುವುದರಿಂದ, ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ, ಕಡಿಮೆ ಶುಲ್ಕದ ಫಾರೆಕ್ಸ್ ಕಾರ್ಡ್ ಲಾಭಕರ. ಎಟಿಎಂ ಅಥವಾ ಅಂಗಡಿಯ ಕಾರ್ಡ್ ಯಂತ್ರವು ರೂಪಾಯಿಯೋ ಡಾಂಗೋ ಎಂದು ಕೇಳಿದಾಗ ಡಾಂಗ್ ಆರಿಸಬೇಕು. ಬೆಲೆಯಲ್ಲಿ ಕೊನೆಯ ಎರಡು ಸೊನ್ನೆ ತೆಗೆದು ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ರೂಪಾಯಿ ಲೆಕ್ಕ ಸಿಗುತ್ತದೆ. 20 ಸಾವಿರ ಮತ್ತು 5 ಲಕ್ಷ ಡಾಂಗ್‌ನ ನೋಟುಗಳೆರಡೂ ನೀಲಿ ಬಣ್ಣದವು. ಮಂದ ಬೆಳಕಿನಲ್ಲಿ ಟ್ಯಾಕ್ಸಿಯವನಿಗೆ 70 ರೂಪಾಯಿಯ ಬದಲು 1,700 ರೂಪಾಯಿ ಕೊಟ್ಟುಬಿಡುವ ಸಂಭವವಿರುವುದರಿಂದ ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಟ್ಟುಕೊಳ್ಳಿ.