ಲ್ಯಾಪ್‌ಟಾಪಲ್ಲಿ ಚಾರ್ಜ್ ನಿಲ್ತಾ ಇಲ್ವಾ? ಹೊಸ ಬ್ಯಾಟರಿ ಕೊಳ್ಳೋ ಮುಂಚೆ ಇಷ್ಟು ನೋಡಿ

ಹೋದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕ್ಲಿಕ್ ಆಗೋದೇ ನಿಂತುಹೋಯಿತು. ಧೂಳು ಕೂತಿರಬೇಕು ಅಂತ ಊದಿದೆ, ಡ್ರೈವರ್ ಬದಲಿಸಿದೆ, ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ಆಮೇಲೊಂದು ದಿನ ಮೇಜಿನ ಮೇಲಿಟ್ಟರೆ ಕುಂಟು ಮಣೆ ಥರ ಆಚೆ ಈಚೆ ಅಲ್ಲಾಡಿತು. ಒಳಗೆ ಬ್ಯಾಟರಿ ಪೂರಿ ಹಾಗೆ ಉಬ್ಬಿ, ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು.

ಅದಕ್ಕೇ ಮೊದಲು ತಳ ನೋಡಿ. ಉಬ್ಬಿದ್ದರೆ ಚಾರ್ಜರ್ ಕಿತ್ತು ಆಫ್ ಮಾಡಿ, ರಿಪೇರಿಯವರ ಹತ್ತಿರ ಒಯ್ಯಿರಿ. ಒತ್ತಿ ಸರಿ ಮಾಡ್ತೀನಿ, ಸೂಜಿ ಚುಚ್ಚಿ ಗಾಳಿ ತೆಗೀತೀನಿ ಅಂತ ಮಾತ್ರ ಹೋಗಬೇಡಿ. ಅದು ಬರೀ ಗಾಳಿಯಲ್ಲ, ಬೆಂಕಿ ಹತ್ತುವಂಥದ್ದು.

ಉಬ್ಬಿಲ್ಲ, ಚಾರ್ಜ್ ಮಾತ್ರ ನಿಲ್ಲುತ್ತಿಲ್ಲ ಅಂದರೆ ಲೆಕ್ಕ ತೆಗೆಯಿರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡೋ ಕಪ್ಪು ಕಿಟಕಿ) ತೆರೆದು powercfg /batteryreport ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಫೈಲ್ ಬರುತ್ತದೆ, ಅದು ಎಲ್ಲಿ ಕೂತಿದೆ ಅಂತ ಅಲ್ಲೇ ತೋರಿಸುತ್ತದೆ. ಅದರಲ್ಲಿ ಎರಡೇ ಸಾಲು ಮುಖ್ಯ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 50,000 ಇದ್ದು ಎರಡನೆಯದು 40,000 ಇದ್ದರೆ ಬ್ಯಾಟರಿ ಇನ್ನೂ ಗಟ್ಟಿಯಾಗೇ ಇದೆ, ತಪ್ಪು ನಿಮ್ಮ ಸ್ಕ್ರೀನ್ ಬೆಳಕಿನದೋ ನಲವತ್ತು ಟ್ಯಾಬಿನದೋ ಇರಬೇಕು. 25,000ಕ್ಕೆ ಇಳಿದಿದ್ದರೆ ಬದಲಿಸೋದೇ ಸರಿ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿ ಹೆಲ್ತ್ ಅಂತಲೇ ಇದೆ.

30 ಪರ್ಸೆಂಟ್ ತೋರಿಸುತ್ತಲೇ ದಿಢೀರ್ ಆಫ್ ಆಗುತ್ತದಾ? ಒಂದು ಸಲ ಪೂರ್ತಿ ತುಂಬಿಸಿ, ಪೂರ್ತಿ ಇಳಿಸಿ, ಮತ್ತೆ ತುಂಬಿಸಿ. ತೋರಿಸೋ ಅಂಕಿ ಸರಿಹೋಗಬಹುದು, ಸವೆದ ಬ್ಯಾಟರಿಯೇನೂ ಹೊಸದಾಗಲ್ಲ. ಫ್ರಿಜ್‌ನಲ್ಲಿಡಿ ಅನ್ನೋರ ಮಾತು ಕೇಳಲೇಬೇಡಿ.

ಕೊಳ್ಳುವಾಗ ಎಲ್ಲರೂ ಎಡವೋದು ಇಲ್ಲೇ. ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು, ಒಂದೇ ಮಾಡೆಲ್‌ಗೆ ಎರಡು ಮೂರು ಥರದ ಬ್ಯಾಟರಿ ಇರುತ್ತವೆ. ತಳ ಬಿಚ್ಚಿ ಬ್ಯಾಟರಿ ಮೇಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ, ಪಾರ್ಟ್ ನಂಬರ್, ವೋಲ್ಟ್, ಕನೆಕ್ಟರ್ ಮೂರೂ ಹೊಂದಬೇಕು. ಬೆಂಗಳೂರಿನವರಾದರೆ ಎಸ್‌ಪಿ ರೋಡಿಗೆ ಆ ಫೋಟೋ ಹಿಡಿದುಕೊಂಡೇ ಹೋಗಿ. ತಯಾರಾದ ತಿಂಗಳನ್ನೂ ಕೇಳಿ, ಯಾಕಂದರೆ ಸುಮ್ನೆ ಕಪಾಟಿನಲ್ಲಿ ಕೂತರೂ ಲಿಥಿಯಂ ಬ್ಯಾಟರಿ ಸವೆಯುತ್ತದೆ.

ನೀವೇ ಹಾಕೋದಾದರೆ ಚಾರ್ಜನ್ನು 25 ಪರ್ಸೆಂಟ್‌ಗಿಂತ ಕೆಳಗಿಳಿಸಿ, ಆಫ್ ಮಾಡಿ, ಚಾರ್ಜರ್ ಕಿತ್ತು ಬಿಚ್ಚಿ. ಸ್ಕ್ರೂಗಳು ಒಂದೇ ಉದ್ದ ಇರಲ್ಲ, ಹಾಳೆಯ ಮೇಲೆ ಇದ್ದ ಜಾಗದ ಪ್ರಕಾರವೇ ಜೋಡಿಸಿಡಿ (ನಾನು ಲೋಟಕ್ಕೆ ಸುರಿದು ಒಂದು ಸಂಜೆ ಕಳೆದೆ). ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ. ಅಂಟು ಹಾಕಿ ಕೂರಿಸಿದ ಬ್ಯಾಟರಿಯಾದರೆ ಅಂಗಡಿಗೇ ಕೊಡಿ.

ಹೊಸದು ಬಂದ ಮೇಲೆ ಯಾವಾಗಲೂ ಚಾರ್ಜರಿಗೆ ಸಿಕ್ಕಿಸಿಟ್ಟೇ ಕೆಲಸ ಮಾಡೋರು 80 ಪರ್ಸೆಂಟ್ ಮಿತಿ ಹಾಕಿಕೊಳ್ಳಿ, ಕಂಪನಿಯ ಆ್ಯಪ್‌ನಲ್ಲೋ ಬಯಾಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯೋ ಸೆಟ್ಟಿಂಗ್ಸ್) ಸಾಮಾನ್ಯವಾಗಿ ಇರುತ್ತದೆ. ಹಾಸಿಗೆ ಮೇಲಿಟ್ಟು ಬಿಸಿ ಮಾಡಬೇಡಿ.

ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಲಾರಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಬಳಸಿದ ಬ್ಯಾಟರಿ ವಾಪಸ್ ಸಂಗ್ರಹಿಸೋ ಹೊಣೆಯನ್ನು 2022ರ ನಿಯಮ ತಯಾರಕರ ಮೇಲೇ ಹಾಕಿದೆ. ತುದಿಗಳಿಗೆ ಟೇಪ್ ಸುತ್ತಿ, ಸರ್ವಿಸ್ ಸೆಂಟರ್‌ಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಕೊಟ್ಟುಬಿಡಿ.