ಊರಿನ ಸಂಘಕ್ಕೆ ಮೊದಲು ಆರ್ಡರ್ ಕೊಡಿ, ಯಂತ್ರ ಆಮೇಲೆ

ಮಾಗಡಿ, ಕುಣಿಗಲ್, ದೊಡ್ಡಬಳ್ಳಾಪುರ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ನಾಲ್ಕು ಜನ ಸೇರಿದರೆ ‘ಊರಿಗೆ ಏನಾದರೂ ಮಾಡಬೇಕು’ ಅನ್ನುವ ಮಾತು ಬಂದೇ ಬರುತ್ತದೆ. ದುಡ್ಡು ಕೂಡಿಸಿ ಸ್ತ್ರೀಶಕ್ತಿ ಸಂಘಕ್ಕೊಂದು ಹಿಟ್ಟಿನ ಯಂತ್ರ ಕೊಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಟೇಪು ಕತ್ತರಿಸಿ ಫೋಟೊ ತೆಗೆಸಿಕೊಂಡ ಆರು ತಿಂಗಳಿಗೆ ಆ ಯಂತ್ರದ ಮೇಲೆ ಗೋಣಿಚೀಲ ಹೊದಿಸಿರುತ್ತಾರೆ. ಹಿಟ್ಟು ಮಾಡಲು ಊರಿನ ಹೆಂಗಸರಿಗೆ ಬಂದೇ ಬರುತ್ತದೆ. ಪ್ರತಿ ತಿಂಗಳೂ ಅದನ್ನು ಕೊಳ್ಳುವವರು, ಸರಿಯಾದ ಬೆಲೆ ಕಟ್ಟುವವರು, ಕಾನೂನಿಗೆ ಒಪ್ಪುವ ಲೇಬಲ್ ಬರೆಯುವವರು ಅಲ್ಲಿ ಇರುವುದಿಲ್ಲ. ಈ ಮೂರೂ ಪಟ್ಟಣದಲ್ಲಿರುವವರ ಕೈಯಲ್ಲಿ ಆಗುವ ಕೆಲಸ. ಮೊಳಕೆ ರಾಗಿ ಮಾಲ್ಟ್ ಇಟ್ಟುಕೊಂಡು ಇದನ್ನು ಹಂತಹಂತವಾಗಿ ನೋಡೋಣ. ಚಟ್ನಿಪುಡಿಗೂ ಹಪ್ಪಳಕ್ಕೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು ಗಿರಾಕಿ

ನಿಮ್ಮ ಅಪಾರ್ಟ್‌ಮೆಂಟ್, ಕಚೇರಿ, ನೆಂಟರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿಂಗಳಿಗೆ ಅರ್ಧ ಕಿಲೋ ಮಾಲ್ಟ್ ಕೊಳ್ಳುವ 40 ಮನೆಗಳನ್ನು ಹಿಡಿಯಿರಿ. ಮೂರು ತಿಂಗಳಿಗೆ ಹೆಸರು ಬರೆಸಿಕೊಂಡು ಅರ್ಧ ಹಣ ಮುಂಗಡ ಪಡೆಯಿರಿ. ‘ಚೆನ್ನಾಗಿದ್ದರೆ ನೋಡೋಣ’ ಅಂದವರನ್ನು ಲೆಕ್ಕಕ್ಕೆ ಸೇರಿಸಬೇಡಿ. ಮುಂಗಡ ಸಂಘದ ಬ್ಯಾಂಕ್ ಖಾತೆಗೇ ಹೋಗಲಿ. ಅಧ್ಯಕ್ಷೆಯ ಸ್ವಂತ ಫೋನ್ ನಂಬರಿಗೆ ಹಣ ಹಾಕುವ ರೂಢಿ ಒಮ್ಮೆ ಬಿದ್ದರೆ ಆರು ತಿಂಗಳಲ್ಲಿ ಸಂಘದೊಳಗೆ ಜಗಳ ಖಾತ್ರಿ.

ಈ ಮುಂಗಡವೇ ರಾಗಿ ಕೊಳ್ಳುವ ಬಂಡವಾಳ. ನಮ್ಮ ಕಡೆ ರಾಗಿ ಕಟಾವು ನವೆಂಬರ್–ಡಿಸೆಂಬರಿನಲ್ಲಿ. ಒಕ್ಕಣೆ ಮುಗಿಯುವ ಜನವರಿ ಹೊತ್ತಿಗೆ ಊರಿನ ರೈತರಿಂದಲೇ ಎರಡು ಕ್ವಿಂಟಾಲ್ ತೆಗೆದಿಟ್ಟರೆ ತಿಂಗಳುಗಟ್ಟಲೆ ಸಾಕು. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ಆಯಾ ವರ್ಷದ ಬೆಂಬಲ ಬೆಲೆಗಿಂತ ಕಡಿಮೆಗೆ ಕೇಳುವುದು ಊರಿಗೆ ಮಾಡುವ ಉಪಕಾರ ಆಗಲಾರದು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಧಾನ್ಯ ಇದು, ಒಣಗಿಸಿ ಇಟ್ಟರೆ ದಾಸ್ತಾನಿನ ಚಿಂತೆ ಇಲ್ಲ. ರಸ್ತೆ ಮೇಲೆ ಹರವಿ ಒಕ್ಕಿದ ರಾಗಿಯನ್ನು ಮಾತ್ರ ಬಿಟ್ಟುಬಿಡಿ. ಅದರಲ್ಲಿನ ಸಣ್ಣ ಜಲ್ಲಿ ಎಷ್ಟು ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ.

10 ಕಿಲೋ ಒಬ್ಬೆ

ಮೊದಲ ಎರಡು ತಿಂಗಳು ಒಂದು ಒಬ್ಬೆಗೆ (ಬ್ಯಾಚಿಗೆ) 10 ಕಿಲೋ ಸಾಕು. ರಾಗಿಯನ್ನು ನೀರಿನಲ್ಲಿ ಜಾಲಿಸಿ, ತೇಲುವ ಜೊಳ್ಳು ತೆಗೆದು, 12 ಗಂಟೆ ನೆನೆಹಾಕಿ. ನಡುವೆ ಎರಡು ಸಲ ನೀರು ಬದಲಿಸಬೇಕು, ಇಲ್ಲದಿದ್ದರೆ ಹುಳಿ ವಾಸನೆ ಹಿಡಿದು ಕೊನೆಯವರೆಗೂ ಬಿಡುವುದಿಲ್ಲ. ನೀರು ಬಸಿದು ಹತ್ತಿಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ. ಡಿಸೆಂಬರ್ ಚಳಿಗೆ ಎರಡು ದಿನ ಬೇಕಾಗಬಹುದು. ಮೊಳಕೆ ಅರ್ಧ ಸೆಂಟಿಮೀಟರ್ ಆಗುತ್ತಿದ್ದಂತೆ ನಿಲ್ಲಿಸಿ. ಉದ್ದ ಮೊಳಕೆ ನೋಡಲು ಚೆಂದ, ಆದರೆ ಅದು ಬೆಳೆಯುವುದು ಕಾಳಿನೊಳಗಿನ ಹಿಟ್ಟನ್ನೇ ತಿಂದು. ತೂಕವೂ ಹೋಯಿತು, ಕಹಿಯೂ ಬಂತು.

ಮುಂದಿನದು ಒಣಗಿಸುವುದು. ಹೆಚ್ಚು ಮಾಲು ಕೆಡುವುದೇ ಇಲ್ಲಿ. ಬಟ್ಟೆಯ ಮೇಲೆ ಒಂದು ಸೆಂಟಿಮೀಟರಿಗಿಂತ ದಪ್ಪವಾಗಿ ಹರವಬೇಡಿ, ಗಂಟೆಗೊಮ್ಮೆ ಕೈಯಾಡಿಸಿ. ಕಾಳನ್ನು ಕಚ್ಚಿದರೆ ಕಟ್ಟೆಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ತೇವ ಇದೆ ಎಂದರ್ಥ. ತೇವಾಂಶ ಶೇ 10ಕ್ಕಿಂತ ಕೆಳಗಿರಲಿ. ಅಳೆಯುವ ಮೀಟರ್ ಒಂದನ್ನು ನೀವು ಊರಿಗೆ ಕೊಡಿಸಿದರೆ ಅದು ಹಿಟ್ಟಿನ ಯಂತ್ರಕ್ಕಿಂತ ಒಳ್ಳೆಯ ಉಡುಗೊರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು ನಂಬಿ ಆರ್ಡರ್ ಒಪ್ಪಿಕೊಳ್ಳಬಾರದು. ಪಾಲಿಕಾರ್ಬೊನೇಟ್ ಹೊದಿಕೆಯ ಸೌರ ಶುಷ್ಕಕ (ಸೋಲಾರ್ ಡ್ರೈಯರ್) ಸಿಗುವವರೆಗೆ ಬೇಸಿಗೆಯಲ್ಲೇ ಒಣಗಿಸಿದ ಮೊಳಕೆ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಮಳೆಗಾಲದಲ್ಲಿ ಬೀಸಿಸುವುದೇ ಜಾಣತನ.

ಒಣಗಿದ ಕಾಳನ್ನು ಉಜ್ಜಿ, ಮೊರದಲ್ಲಿ ಕೇರಿ ಬೇರು ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ. ಕಪ್ಪಾಗುವಂತೆ ಹುರಿದರೆ ಮೊಳಕೆಯಿಂದ ಹುಟ್ಟಿದ ಅಮೈಲೇಸ್ ಕಿಣ್ವ ಸಾಯುತ್ತದೆ. ಗಂಜಿಯನ್ನು ತೆಳುವಾಗಿಸುವುದು ಆ ಕಿಣ್ವವೇ, ಅದು ಹೋದರೆ ಇದು ಬರೀ ಹುರಿಹಿಟ್ಟು. ಬೀಸುವುದು ಊರಿನ ಗಿರಣಿಯಲ್ಲೇ ಆಗಲಿ. ಆದರೆ ಅಲ್ಲಿ ಹಿಂದಿನ ಸರದಿ ಮೆಣಸಿನಕಾಯಿಯದೋ ಗೋಧಿಯದೋ ಆಗಿರುತ್ತದೆ. ಬೆಳಿಗ್ಗೆ ಮೊದಲ ಸರದಿ ಹಿಡಿದು, ಮೊದಲು ಬೀಳುವ ಒಂದು ಕಿಲೋ ಹಿಟ್ಟನ್ನು ಪಕ್ಕಕ್ಕಿಟ್ಟು ಮನೆಯಲ್ಲೇ ಬಳಸಿ. ಹಿಟ್ಟಿನಲ್ಲಿ ಆಯಸ್ಕಾಂತ ಆಡಿಸಿದರೆ ಗಿರಣಿಯ ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ. ಒಮ್ಮೆ ಕಣ್ಣಾರೆ ಕಂಡವರು ಈ ಹಂತ ಬಿಡುವುದಿಲ್ಲ.

ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಪೂರ್ತಿ ಆರಿಸಿ, ಜರಡಿ ಹಿಡಿದು, ಆಮೇಲೆ ಪೊಟ್ಟಣ ಕಟ್ಟಬೇಕು. ಬಿಸಿಯಲ್ಲೇ ಸೀಲ್ ಮಾಡಿದರೆ ಒಳಗೆ ಬೆವರಿ, ಗಂಟು ಕಟ್ಟಿ, ತಿಂಗಳಿಗೆ ಬೂಷ್ಟು ಬರುತ್ತದೆ. ಬಾದಾಮಿ, ಕಡಲೆಕಾಯಿ ಬೀಜ ಸೇರಿಸಿದ ‘ಸ್ಪೆಷಲ್’ ಮಾಲ್ಟಿಗೆ ಬೇಡಿಕೆ ಹೆಚ್ಚು, ನಿಜ. ಆದರೆ ಅವುಗಳ ಎಣ್ಣೆ ಬೇಗ ಕಮಟುತ್ತದೆ. ಮೊದಲ ವರ್ಷ ಬರೀ ರಾಗಿ, ಬೇಕಿದ್ದರೆ ಏಲಕ್ಕಿ, ಅಷ್ಟೇ ಇರಲಿ. ಪ್ರತಿ ಒಬ್ಬೆಯಿಂದ ಮೂರು ಪೊಟ್ಟಣ ಎತ್ತಿಟ್ಟು ತಿಂಗಳಿಗೊಂದರಂತೆ ಒಡೆದು ನೋಡಿ. ‘ಎಷ್ಟು ತಿಂಗಳೊಳಗೆ ಬಳಸಿ’ ಎಂದು ಬರೆಯಲು ಮೊದಲ ಆಧಾರ ಅದು. ಅಂತಿಮ ಅವಧಿ ನಿಗದಿ ಮಾಡುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಬೆಲೆ ಕಟ್ಟುವುದು

ಸಂಘಗಳು ಮುಳುಗುವುದು ಇಲ್ಲಿ. ಮನೆಗೆಲಸದ ಹಾಗೆ ತಮ್ಮ ದುಡಿಮೆಗೆ ಬೆಲೆಯೇ ಇಲ್ಲ ಎಂದು ಲೆಕ್ಕ ಹಾಕುತ್ತಾರೆ. ಒಂದು ಮಾದರಿ ನೋಡಿ. ದರಗಳನ್ನು ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ. 10 ಕಿಲೋ ರಾಗಿಗೆ 500 ರೂಪಾಯಿ. ಕಸ, ಬೇರು, ಗಿರಣಿಯ ನಷ್ಟ ಕಳೆದು ಸುಮಾರು 8 ಕಿಲೋ ಹಿಟ್ಟು, ಅಂದರೆ ಅರ್ಧ ಕಿಲೋದ 16 ಪೊಟ್ಟಣ. ಒಟ್ಟು 8 ಗಂಟೆಯ ಕೆಲಸಕ್ಕೆ ಗಂಟೆಗೆ 60ರಂತೆ 480, ಬೀಸಲು 60, ಗ್ಯಾಸಿಗೆ 60, ಪೌಚು ಮತ್ತು ಲೇಬಲ್ 96, ಬೆಂಗಳೂರಿಗೆ ಸಾಗಣೆ 150. ಎಲ್ಲ ಸೇರಿ 1,346, ಪೊಟ್ಟಣಕ್ಕೆ 84 ರೂಪಾಯಿ.

ಗರಿಷ್ಠ ಮಾರಾಟ ಬೆಲೆ 140 ಎಂದು ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿಗೆ ನೇರ ಮಾರಿದರೆ 56 ರೂಪಾಯಿ ಉಳಿಯುತ್ತದೆ. ಅಂಗಡಿಯವರು ಶೇ 30 ಕೇಳಿದರೆ ಅವರಿಗೇ 42 ಹೋಗಿ ಸಂಘಕ್ಕೆ ಉಳಿಯುವುದು 14. ಅದೂ ಒಂದೂವರೆ ತಿಂಗಳ ಸಾಲದ ಮೇಲೆ, ಮಾರಾಟವಾಗದ್ದನ್ನು ವಾಪಸ್ ಪಡೆಯುವ ಷರತ್ತಿನ ಮೇಲೆ. ಮಲ್ಲೇಶ್ವರದ ದೊಡ್ಡ ಅಂಗಡಿಯ ಕಪಾಟಿನಲ್ಲಿ ನಮ್ಮೂರಿನ ಮಾಲು ಕೂತಿದೆ ಅನ್ನುವ ಹೆಮ್ಮೆ ಮೊದಲ ವರ್ಷಕ್ಕೆ ದುಬಾರಿ. ಒಬ್ಬೆ 40 ಕಿಲೋಗೆ ಏರಿದರೆ ಚಿತ್ರ ಬೇರೆ: ಕೆಲಸದ ಗಂಟೆ ನಾಲ್ಕು ಪಟ್ಟಾಗದೆ ಎರಡು ಪಟ್ಟಷ್ಟೇ ಆಗುತ್ತದೆ, ಸಾಗಣೆ ಅದೇ 150ರಲ್ಲಿ ಮುಗಿದರೆ ಪೊಟ್ಟಣದ ಖರ್ಚು 62ರ ಆಸುಪಾಸಿಗೆ ಇಳಿಯುತ್ತದೆ. ಅಂಗಡಿಗೆ ಹೋಗುವ ಹೊತ್ತು ಆಗ. ಸಾಗಣೆಗೆ ಪ್ರತ್ಯೇಕ ಗಾಡಿ ಮಾಡಬೇಡಿ. ಬೆಂಗಳೂರಿಗೆ ಹೇಗೂ ಬರುವ ತರಕಾರಿ ಗಾಡಿ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಎರಡನ್ನೂ ವಿಚಾರಿಸಿ.

ಕಾಗದಪತ್ರ, ಲೇಬಲ್

ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಸಣ್ಣ ಘಟಕದ ನೋಂದಣಿ ಮಾಡಿಸಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಬೇಕು. ಸರ್ಕಾರಿ ಜಾಲತಾಣದಂತೆಯೇ ಕಾಣುವ, ಸಾವಿರಾರು ರೂಪಾಯಿ ಕೀಳುವ ಜಾಲತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ಉದ್ಯಮ್ ನೋಂದಣಿಗೆ ಹಣ ಕೇಳಿದರೆ ಅದು ಸರ್ಕಾರದ್ದಲ್ಲ ಎಂದು ಊರಿನವರಿಗೆ ಹೇಳಿಬಿಡಿ, ಅಥವಾ ನೀವೇ ಕೂತು ತುಂಬಿಕೊಡಿ. ಪೊಟ್ಟಣ ಕಟ್ಟುವವರು ತೂಕ–ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲೂ 90 ದಿನದೊಳಗೆ ನೋಂದಾಯಿಸಬೇಕು. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಲೇಬಲ್ಲಿನಲ್ಲಿ ಪದಾರ್ಥದ ಹೆಸರು, ತೂಕದ ಇಳಿಕೆ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಬಳಸಬೇಕಾದ ದಿನಾಂಕ, ಎಲ್ಲ ತೆರಿಗೆ ಸೇರಿದ ಬೆಲೆ, ಒಂದು ಗ್ರಾಮಿನ ಬೆಲೆ, ಹಸಿರು ಚುಕ್ಕೆ, 14 ಅಂಕಿ, ಪೋಷಕಾಂಶ ಪಟ್ಟಿ, ತಯಾರಕರ ಪೂರ್ಣ ವಿಳಾಸ, ದೂರಿಗೊಂದು ಫೋನ್ ನಂಬರ್ ಇರಬೇಕು. 140 ರೂಪಾಯಿಯ 500 ಗ್ರಾಂ ಪೊಟ್ಟಣಕ್ಕೆ ‘ಗ್ರಾಮಿಗೆ 0.28 ರೂಪಾಯಿ’ ಎಂದು ಬರೆಯುವುದು ಹೊಸ ಅಭ್ಯಾಸವಾದ್ದರಿಂದ ತಪ್ಪಿಹೋಗುವುದೇ ಹೆಚ್ಚು. ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದೇನಾದರೂ ಅಚ್ಚಾದರೆ ನೋಟಿಸ್ ಬರುತ್ತದೆ. ಮುದ್ದಾದ ಮಗುವಿನ ಚಿತ್ರವೂ ಬೇಡ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ 1992ರ ಪ್ರತ್ಯೇಕ ಕಾಯ್ದೆ ಇದೆ, ಆ ಆಹಾರದ ಪೊಟ್ಟಣದ ಮೇಲೆ ಮಗುವಿನ ಚಿತ್ರಕ್ಕೆ ಅದರಲ್ಲಿ ಅವಕಾಶವಿಲ್ಲ. ಮೊದಲ ಸಲ 500 ಸ್ಟಿಕ್ಕರ್ ಮಾತ್ರ ಅಚ್ಚು ಹಾಕಿಸಿ. ಬಣ್ಣದ ಪೌಚನ್ನೇ ಸಾವಿರಗಟ್ಟಲೆ ಮಾಡಿಸಿದರೆ ಒಂದು ತಪ್ಪಕ್ಷರಕ್ಕೆ ಎಲ್ಲವೂ ತಿಪ್ಪೆಗೆ.

ಈಗ ಯಂತ್ರ, ಸಾಲ

ಆರು ತಿಂಗಳು ಆರ್ಡರ್ ತಪ್ಪದೆ ಬಂದು, ತಿಂಗಳಿಗೆ ಒಂದೂವರೆ ಕ್ವಿಂಟಾಲ್ ದಾಟಿದರೆ ಯಂತ್ರದ ಮಾತು ಎತ್ತಿ. ಮೊದಲು ಒಣಗಿಸುವ ಸಾಧನ, ಆಮೇಲೆ ಹಿಟ್ಟು ಬೀಸುವ ಪಲ್ವರೈಸರ್. ತ್ರೀ ಫೇಸ್ ವಿದ್ಯುತ್ ಹಳ್ಳಿಗಳಲ್ಲಿ ಇಡೀ ದಿನ ಸಿಗುತ್ತದೆಂದು ನಂಬಬೇಡಿ. 3 ಎಚ್‌ಪಿ ಒಳಗಿನ ಸಿಂಗಲ್ ಫೇಸ್ ಯಂತ್ರವೇ ಸರಿ. ಮನೆಯ ಮೀಟರಿಗೆ ಜೋಡಿಸುವ ಮೊದಲು ಬೆಸ್ಕಾಂ ಉಪವಿಭಾಗದಲ್ಲಿ ಸಂಪರ್ಕದ ವರ್ಗ ಕೇಳಿಕೊಳ್ಳಿ.

ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35 ಸಬ್ಸಿಡಿ ಇದೆ. ಕರ್ನಾಟಕ ಇನ್ನೂ ಶೇ 15 ಸೇರಿಸಿ ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ನೋಡಲ್ ಸಂಸ್ಥೆ ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನಿಗಮ. ಯೋಜನೆಯ ಅವಧಿ 2025–26ರವರೆಗೆ ಎಂದಿದ್ದುದರಿಂದ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಯೋಜನಾ ವೆಚ್ಚ 6 ಲಕ್ಷವಾದರೆ ಸಂಘ ಕನಿಷ್ಠ 60,000 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಸಬ್ಸಿಡಿ ನಗದಾಗಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತು, ಮೂರು ವರ್ಷ ಸಾಲ ಸುಸ್ತಿಯಾಗದಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ‘ಅರ್ಧ ಮಾಫಿ’ ಎಂದು ಕೇಳಿಸಿಕೊಂಡು ಕಂತು ನಿಲ್ಲಿಸಿದವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ. ಜಾಗದ ಬೆಲೆ ವೆಚ್ಚದಲ್ಲಿ ಸೇರುವುದಿಲ್ಲ. ಮಂಜೂರಾತಿಗೆ ಮೊದಲು ಮುಂಗಡ ಕೊಟ್ಟು ಯಂತ್ರ ತರಬೇಡಿ. ಅರ್ಜಿ ತುಂಬಿಸುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಸಂಭಾವನೆ ಯೋಜನೆಯಿಂದಲೇ ಸಿಗುತ್ತದೆ, ಸಂಘದವರು ಏನೂ ಕೊಡಬೇಕಿಲ್ಲ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000ದವರೆಗಿನ ಬೀಜಧನ (ಕೆಲಸ ನಡೆಸಲು ಆರಂಭದ ಬಂಡವಾಳ) ಇದೇ ಯೋಜನೆಯಲ್ಲಿದೆ. ಸಣ್ಣ ಸಂಘಕ್ಕೆ 6 ಲಕ್ಷದ ಸಾಲಕ್ಕಿಂತ ಅದೇ ಹಗುರ. ಅದಕ್ಕೆ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಕೇಳಬೇಕು.

ತರಬೇತಿಗೆ ಹಳ್ಳಿಯವರಿಗೆ ಸ್ವ-ಉದ್ಯೋಗ ಕಲಿಸುವ, ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟ್ ಸಂಸ್ಥೆ ಹತ್ತಿರ. ಊಟ ವಸತಿ ಸಮೇತ ಉಚಿತ. ಇಬ್ಬರನ್ನು ಕಳಿಸಿ, ಒಬ್ಬರನ್ನಲ್ಲ. ಕಲಿತ ಒಬ್ಬಳೇ ಹೆಣ್ಣುಮಗಳು ಮದುವೆಯಾಗಿ ಹೋದರೆ ಘಟಕವೂ ಅವಳ ಜೊತೆಗೇ ಹೋಗುತ್ತದೆ.

ಬೆಂಗಳೂರಿನ ಗುಂಪಿನಲ್ಲಿ ಒಬ್ಬರು ದೂರಿನ ಪುಸ್ತಕ ಇಡಲಿ. ಯಾವ ಮನೆಗೆ ಯಾವ ಬ್ಯಾಚ್ ಹೋಯಿತು, ಯಾರು ಗಂಟು ಎಂದರು, ಯಾರು ಕಹಿ ಎಂದರು ಎಂಬುದನ್ನು ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಿ ಓದಿ ಹೇಳಿ. ಕಹಿ ಎಂದರೆ ಮೊಳಕೆ ನೋಡಬೇಕು, ಗಂಟು ಎಂದರೆ ಆರಿಸಿದ್ದು ಸಾಲದು, ಹಲ್ಲಿಗೆ ಕರಕರ ಎಂದರೆ ಆ ಚೀಲದ ರಾಗಿ ಯಾರ ಕಣದ್ದು ಎಂದು ಕೇಳಬೇಕು. ಕೆಟ್ಟ ಪೊಟ್ಟಣಕ್ಕೆ ಮಾತಾಡದೆ ಬೇರೆ ಕೊಟ್ಟು, ಅದರ ಖರ್ಚನ್ನು ಮುಂದಿನ ತಿಂಗಳ ಲೆಕ್ಕದಲ್ಲಿ ಬರೆದುಕೊಳ್ಳಿ.